ಪಾಲೆ ಮರಕ್ಕೆ ಮೂರು ಹೊಸ ಕಾಲು

ಕಳೆದ ವರ್ಷ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕಷಾಯ ಕುಡಿದು, ಬಾಯಿಯ ಕಹಿ ಹೋಗುವ ಮೊದಲೇ ಅಂಗಳದ ಪಾಲೆ ಮರದ ಬುಡಕ್ಕೆ ಹೋದೆ. ಮಳೆ ನಿಂತಿತ್ತು, ಬೆಳಕು ಸರಿಯಾಗಿ ಬಿಟ್ಟಿತ್ತು. ಎದುರಿನ ಮೈಯಲ್ಲಿ ಸಿಪ್ಪೆ ಎದ್ದು ಒಳಗಿನ ಬಿಳಿ ಕಾಣುತ್ತಿತ್ತು. ಅದು ಪ್ರತಿ ವರ್ಷದ್ದೇ. ಆದರೆ ಬಲಗಡೆಯೂ ಹಾಗೇ ಇತ್ತು. ಹಿಂದೆ ಹೋದೆ, ಅಲ್ಲಿಯೂ. ಅಂಗೈ ಇಟ್ಟು ತಡವುತ್ತಾ ಮರಕ್ಕೆ ಒಂದು ಸುತ್ತು ಬಂದೆ. ಹೊರಟ ಜಾಗಕ್ಕೆ ಕೈ ಮರಳಿ ಬಂತು, ನಡುವೆ ಎಲ್ಲಿಯೂ ಗಟ್ಟಿ ಸಿಪ್ಪೆ ಸಿಗಲಿಲ್ಲ.

ಸುತ್ತು ಸಿಪ್ಪೆ ಹೋದ ಮರ ಬದುಕುವುದಿಲ್ಲ. ಇದು ನನಗೆ ಯಾರೂ ಹೇಳಿಕೊಡಬೇಕಾದ ವಿಷಯ ಅಲ್ಲ.

ನಮ್ಮ ಕಡೆ ಆಟಿಯ, ಎಂದರೆ ಆಷಾಢದ, ಆ ಅಮಾವಾಸ್ಯೆಯ ದಿನ ಪಾಲೆಯ ಕಷಾಯ ಕುಡಿಯದ ಮನೆ ಇಲ್ಲ. ಸೂರ್ಯ ಹುಟ್ಟುವ ಮೊದಲು ಸಿಪ್ಪೆ ತೆಗೆಯಬೇಕು. ಕಬ್ಬಿಣ ತಾಗಿಸಬಾರದು, ಬೆಣಚುಕಲ್ಲಿನಿಂದ ಕುಟ್ಟಿ ಎಬ್ಬಿಸಬೇಕು. ದೀಪ ಹಿಡಿಯಬಾರದು. ಹೋಗುವಾಗ ಬರುವಾಗ ಯಾರ ಹತ್ತಿರವೂ ಮಾತಾಡಬಾರದು. ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ನಮ್ಮದು ಸೇರಿ ಹದಿಮೂರು ಮನೆಗೆ ಇರುವುದು ಈ ಒಂದೇ ಮರ. ಕತ್ತಲಲ್ಲಿ ಪಾಲೆ ಎಂದುಕೊಂಡು ವಿಷದ ಕಾಸರಕನ ಸಿಪ್ಪೆ ತಂದು ಕುಡಿದು ಆಸ್ಪತ್ರೆ ಸೇರಿದವರ ಕಥೆ ಎಲ್ಲರೂ ಕೇಳಿದ್ದಾರೆ. ಹಾಗಾಗಿ ಬೇರೆ ಮರ ಹುಡುಕಿಕೊಂಡು ಹೋಗುವ ಧೈರ್ಯ ಯಾರಿಗೂ ಇಲ್ಲ.

ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದ್ದು ಮೇಲಿನ ಮನೆಯ ಅಣ್ಣ. ಒಬ್ಬರೇ ಬಂದು, ಮರದ ಮೂಡು ಬದಿಯಲ್ಲಿ ಮಾತ್ರ ಕುಟ್ಟಿ, ಎಲ್ಲಾ ಮನೆಗೂ ಸಾಕಾಗುವಷ್ಟು ತೆಗೆದು ಹಂಚುತ್ತಿದ್ದರು. ಆ ವರ್ಷ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಅವರು ಹಾಸಿಗೆ ಹಿಡಿದರು. ಅಮಾವಾಸ್ಯೆಗೆ ಒಂದು ವಾರ ಇರುವಾಗ ಈ ಸಲ ಹೇಗೆ ಎಂದು ಮನೆಮನೆಯವರೂ ನನ್ನನ್ನು ಕೇಳಿದರು. ಮರ ನಮ್ಮ ಅಂಗಳದ್ದು. ಅದರ ಮೇಲೆ ನನಗೆ ಸಿಪ್ಪೆಯ ವಿಷಯ ಗೊತ್ತು ಎಂಬ ಜಂಬ ಬೇರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಬೆಳ್ತಂಗಡಿ ಬದಿಯ ರಬ್ಬರ್ ನರ್ಸರಿಯಲ್ಲಿ ಕಸಿ ಕಟ್ಟಿದವಳು, ತೋಟದಲ್ಲಿ ಸಿಪ್ಪೆ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿದವಳು. ಟ್ಯಾಪಿಂಗಿನಲ್ಲಿ ಒಂದು ನಿಯಮ ಉಂಟು, ಗಾಯ ಮಾಯುವ ಮೊದಲು ಅದೇ ಜಾಗಕ್ಕೆ ಕತ್ತಿ ಇಡಬಾರದು. ಅದನ್ನೇ ಎಲ್ಲರಿಗೂ ಹೇಳಿದೆ. ಹಳೇ ಗಾಯ ಮುಟ್ಟಬೇಡಿ, ಹೊಸ ಜಾಗ ನೋಡಿ ತೆಗೆಯಿರಿ, ಅಂಗೈಯಷ್ಟು ಸಾಕು ಎಂದೆ.

ಹದಿಮೂರು ಮನೆಯವರೂ ಅಕ್ಷರಕ್ಕೆ ಅಕ್ಷರ ಹಾಗೆಯೇ ಮಾಡಿದರು. ಕತ್ತಲಲ್ಲಿ, ಮಾತಿಲ್ಲದೆ, ಒಬ್ಬರಾದ ಮೇಲೆ ಒಬ್ಬರು ಬಂದು, ತಡವಿ ನೋಡಿ, ಗಾಯ ಇಲ್ಲದ ಜಾಗ ಹುಡುಕಿ, ಅಂಗೈಗಿಂತ ಚೂರು ಹೆಚ್ಚು ತೆಗೆದುಕೊಂಡು ಹೋದರು. ದುರಾಸೆ ಯಾರೂ ಮಾಡಲಿಲ್ಲ. ಮರವನ್ನು ನಾನು ತಬ್ಬಿದರೆ ಬೆರಳು ಕೂಡಲು ಒಂದು ಗೇಣು ಬಾಕಿ ಉಳಿಯುತ್ತದೆ. ಅಷ್ಟು ಸುತ್ತಳತೆಗೆ ಹದಿಮೂರು ಅಂಗೈ ಸರಿಯಾಗಿ ಸಾಕಾಯಿತು. ಅಣ್ಣ ಹಿಂದಿನ ವರ್ಷ ತೆಗೆದ ಜಾಗವನ್ನು ಯಾರೂ ಮುಟ್ಟಲಿಲ್ಲ, ಆದರೆ ಅಲ್ಲಿ ಸಿಪ್ಪೆ ಮೊದಲೇ ಇರಲಿಲ್ಲ. ಎಲ್ಲರೂ ಆ ಹಳೇ ಜಾಗದಲ್ಲೇ ಕುಟ್ಟಿದ್ದರೆ ಮರದ ಒಂದು ಬದಿ ಹೋಗುತ್ತಿತ್ತು, ಅಷ್ಟೆ. ನನ್ನ ಬುದ್ಧಿಮಾತಿನಿಂದ ಉಂಗುರ ಪೂರ್ತಿಯಾಯಿತು.

ಮಗನನ್ನು ಕರೆದು ತೋರಿಸಿದೆ. ಮೂಡುಬಿದಿರೆಯ ಒಂದು ಕಾಲೇಜಿನ ಬಸ್ಸು ಓಡಿಸುವವನು ಅವನು. ನಮ್ಮ ಮನೆಯ ಪಾಲಿನ ಸಿಪ್ಪೆ ತೆಗೆದವನೂ ಅವನೇ. ಮರವನ್ನು ನೋಡಲಿಲ್ಲ, ಅದು ಯಾವ ಕಡೆ ವಾಲಿದೆ ಎಂದು ನೋಡಿದ.

"ಅಮ್ಮ, ಇದು ಅಡುಗೆ ಕೋಣೆಯ ಮೇಲೆ ಬಗ್ಗಿಕೊಂಡು ಉಂಟು. ಒಣಗಿದ ಮೇಲೆ ಮೊದಲ ಗಾಳಿಗೆ ಬೀಳುವುದು ನಿಮ್ಮ ತಲೆಗಲ್ಲ, ಇವಳ ತಲೆಗೆ."

ಬಾಗಿಲಲ್ಲಿ ನಿಂತಿದ್ದ ಸೊಸೆ, "ನನ್ನ ತಲೆ ಗಟ್ಟಿ ಉಂಟು, ಈ ಮನೆಯಲ್ಲಿ ಹದಿನಾರು ವರ್ಷ ಇದ್ದೇನಲ್ಲ," ಎಂದಳು.

ಮಗ ನಗಲಿಲ್ಲ. ಕಡಿಸುವ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮರದ ಮೇಲೆ ನನಗೆ ಮೋಹ ಎಂತದೂ ಇಲ್ಲ. ಅದರ ಹೂವಿನ ವಾಸನೆಗೆ ನನಗೆ ತಲೆನೋವು ಬರುತ್ತದೆ. ಆದರೆ ಹಾಳು ಮಾಡಿದ್ದು ನನ್ನ ಬಾಯಿ. ನರ್ಸರಿಯಲ್ಲಿ ಕೈತಪ್ಪಿ ಕಸಿಯ ಕಣ್ಣು ಹಾಳಾದ ಗಿಡವನ್ನು ಹಾಗೆಯೇ ಬಿಟ್ಟು ಮುಂದಿನ ಸಾಲಿಗೆ ಹೋದವಳು ನಾನಲ್ಲ. ಪತ್ತನಾಜೆಯವರೆಗೆ ಸಮಯ ಕೊಡು ಎಂದೆ. ಬೇಶ ತಿಂಗಳ ಹತ್ತಕ್ಕೆ, ಮೇ ಕೊನೆಗೆ, ಬರುವ ಪತ್ತನಾಜೆ ಕಳೆದರೆ ಗಾಳಿಮಳೆ ಶುರು, ಅದಕ್ಕಿಂತ ಮೊದಲು ಕಡಿಯಬೇಕಾದರೆ ಕಡಿಯಬೇಕು. ಹತ್ತು ತಿಂಗಳು ಸಿಕ್ಕಿತು. ಒಪ್ಪಿದ ಮಗ, ಆ ದಿನ ಮರ ಕಡಿಯುವವನು ಹಗ್ಗ ಹಿಡಿದು ಬಂದೇ ಬರುತ್ತಾನೆ, ಆಮೇಲೆ ಅಳಬಾರದು ಎಂದ. ನಾನು ಅತ್ತದ್ದನ್ನು ಅವನು ಯಾವಾಗ ನೋಡಿದ್ದಾನೋ.

ಗಂಟೆ ಎಂಟು ಆಗಿರಲಿಲ್ಲ. ಅಷ್ಟರಲ್ಲಿ ನನ್ನ ಕೈಕಾಲಿಗೆ ಎಲ್ಲಿಲ್ಲದ ಚುರುಕು ಬಂದಿತ್ತು. ಸಿಪ್ಪೆಗೂ ಮರಕ್ಕೂ ನಡುವೆ ಒಂದು ಲೋಳೆಯ ಪದರ ಉಂಟು. ಸಿಪ್ಪೆ ಎದ್ದ ದಿನವೇ ನೋಡಿದರೆ ಅದು ಮೀನಿನ ಮೈಯ ಹಾಗೆ ಹೊಳೆಯುತ್ತದೆ. ಕೈ ತಾಗಿಸದೆ, ಬಿಸಿಲು ತಾಗಿಸದೆ ಕಾಪಾಡಿದರೆ ಕೆಲವು ಸಲ ಅದರಿಂದಲೇ ಹೊಸ ಸಿಪ್ಪೆ ಬರುತ್ತದೆ. ಕಲ್ಲಿನ ಪೆಟ್ಟು ಬಿದ್ದಲ್ಲಿ ಕಂದಾಗಿ ಜಜ್ಜಿಹೋಗಿತ್ತು. ಪೆಟ್ಟು ತಪ್ಪಿ ಸಿಪ್ಪೆ ತಾನಾಗಿ ಸುಲಿದು ಬಂದ ಐದಾರು ಕಡೆ ಮಾತ್ರ ಹೊಳಪಿತ್ತು. ಜಜ್ಜಿದ್ದನ್ನು ಟ್ಯಾಪಿಂಗ್ ಕತ್ತಿಯಿಂದ ಕೆತ್ತಿ, ಅಂಚು ಸಾಪು ಮಾಡಿದೆ. ಹೊಳಪಿನ ಜಾಗಕ್ಕೆ ಉಸಿರೂ ತಾಗಿಸಲಿಲ್ಲ. ರಬ್ಬರ್ ಮರಕ್ಕೆ ಮಳೆಗಾಲದಲ್ಲಿ ಸೊಂಟಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟುತ್ತಾರಲ್ಲ, ಅದೇ ಹಾಳೆ ಅಟ್ಟದಲ್ಲಿತ್ತು. ಗಾಯಕ್ಕಿಂತ ಒಂದು ಗೇಣು ಮೇಲೆ, ಡಾಂಬರಿನ ಅಂಟು ಹಚ್ಚಿ ಲಂಗ ಕಟ್ಟಿ, ಕೆಳಗೆ ಗಾಳಿ ಆಡಲು ಸಡಿಲ ಬಿಟ್ಟೆ.

ಕಬ್ಬಿಣದ ಕತ್ತಿ ತಾಗಿಸಿದ್ದನ್ನು ಆಗ ಯಾರಿಗೂ ಹೇಳಲಿಲ್ಲ.

ಹನ್ನೆರಡು ದಿನ ಲಂಗ ಎತ್ತಿ ನೋಡಬಾರದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಎಂಟನೇ ದಿನಕ್ಕೆ ಎತ್ತಿದೆ. ಒಂದು ಬದಿ ಬೂಸ್ಟು ಹಿಡಿದು ಕಪ್ಪಾಗಿತ್ತು. ಆದರೆ ಮೂರು ಕಡೆ, ಹೆಸರುಕಾಳಿನಷ್ಟು ದೊಡ್ಡದಾಗಿ ಹಸಿರು ಗುಳ್ಳೆ ಎದ್ದಿತ್ತು. ಹೊಸ ಸಿಪ್ಪೆ! ಕೂಗಿದ ಕೂಗಿಗೆ ಸೊಸೆ ಹಾವು ಎಂದುಕೊಂಡು ಕೋಲು ಹಿಡಿದು ಬಂದಳು. ತೋರಿಸಿದೆ. ಬಗ್ಗಿ ನೋಡಿ, ಇಷ್ಟಕ್ಕೆ ಈ ಬೊಬ್ಬೆಯಾ ಎಂದಳು. ಆದರೂ ಮರುದಿನ ಬೆಳಿಗ್ಗೆ ನನಗಿಂತ ಮೊದಲು ಅವಳೇ ಲಂಗ ಎತ್ತಿ ನೋಡುತ್ತಿದ್ದಳು. ಮಿಜಾರಿನ ಹಾಸ್ಟೆಲಿನ ಅಡುಗೆ ಮನೆಯಲ್ಲಿ ಅವಳಿಗೆ ಕೆಲಸ. ಅಲ್ಲಿಂದ ಬಂದು ಚಪ್ಪಲಿ ಬಿಡುವ ಮೊದಲು ಮರದ ಹತ್ತಿರ ಹೋಗುವುದು ಅಭ್ಯಾಸವಾಯಿತು.

ಬೂಸ್ಟು ಕೆತ್ತಿ, ಸುಣ್ಣದ ತಿಳಿ ಸವರಿ, ಲಂಗವನ್ನು ಇನ್ನಷ್ಟು ಅಗಲ ಮಾಡಿದೆ. ಆಟಿ ಕಳೆದು ಸೋಣ ತಿಂಗಳ ಹೊತ್ತಿಗೆ ಹಸಿರು ಗುಳ್ಳೆಗಳು ಬೆರಳಗಲದ ಪಟ್ಟಿಗಳಾದವು. ಮೂರರಲ್ಲಿ ದಪ್ಪನೆಯದು ಅಣ್ಣನ ಹಳೇ ಗಾಯದ ಅಂಚಿನಲ್ಲಿತ್ತು. ವರ್ಷವರ್ಷವೂ ಮಾಯ್ದು ಮಾಯ್ದು ಅಲ್ಲಿ ಮರದ ತುಟಿ ದಪ್ಪವಾಗಿತ್ತು, ಅದಕ್ಕೆ ಕಸುವು ಹೆಚ್ಚು.

ಆಗ ನಾನು ಕಣ್ಣು ತೋರಿಸಲು ಒಂದು ದಿನ ಮೂಡುಬಿದಿರೆಗೆ ಹೋದೆ. ಸಂಜೆ ಬಂದು ನೋಡಿದರೆ ಮರದ ಸುತ್ತ ಗೋಡೆ. ಹದಿಮೂರು ಮನೆಗಳಲ್ಲಿ ಒಂದು ಮನೆಯವನು ಗಾರೆ ಕೆಲಸದವನು. ಪಶ್ಚಾತ್ತಾಪ ಆಗಿತ್ತಂತೆ. ಸಿಮೆಂಟು ಕಲಸಿ, ಲಂಗ ಕಿತ್ತು, ಗಾಯಕ್ಕೆಲ್ಲ ಬಳಿದು, ಕರಣೆಯಿಂದ ಉಜ್ಜಿ ನಯ ಮಾಡಿ, ಕೈ ತೊಳೆದುಕೊಂಡು ನನಗಾಗಿ ಕಾಯುತ್ತಾ ಕೂತಿದ್ದ.

"ಅಕ್ಕ, ಇನ್ನು ಒಂದು ತೊಟ್ಟು ನೀರು ಒಳಗೆ ಹೋಗ್ಲಿಕ್ಕಿಲ್ಲ," ಎಂದ.

ನನ್ನ ಬಾಯಿಂದ ಬಂದ ತುಳು ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನ ಉಳಿಯಿಂದಲೇ, ಅವನ ಕೈಯಿಂದಲೇ ಅಷ್ಟನ್ನೂ ಕೀಳಿಸಿದೆ. ಪಾಪ, ಮಗುವಿನ ತಲೆ ಬೋಳಿಸುವ ಹಾಗೆ ಮೆಲ್ಲ ಮೆಲ್ಲ ಕಿತ್ತ. ಆದರೂ ಮೂರು ಪಟ್ಟಿಗಳಲ್ಲಿ ಎರಡು ಸಿಮೆಂಟಿನ ಜೊತೆಗೆ ಬಂದವು. ಉಳಿದದ್ದು ಅಣ್ಣನ ಗಾಯದ ಅಂಚಿನದ್ದು ಒಂದೇ, ಎರಡು ಬೆರಳು ಅಗಲ. ಅದೂ ಇನ್ನೂ ಮೇಲಿನಿಂದ ಕೆಳಗೆ ಮುಟ್ಟಿರಲಿಲ್ಲ.

ಚೌತಿಯ ಮೊದಲು ಎಲೆ ಹಳದಿಯಾಗತೊಡಗಿತು. ಪಾಲೆಯ ಎಲೆ ಏಳೇಳರ ಗೊಂಚಲು. ಇಡೀ ಗೊಂಚಲೇ ಕಳಚಿ ಅಂಗಳಕ್ಕೆ ಬೀಳುತ್ತಿತ್ತು. ಮಗ ಮರ ಕಡಿಯುವವನನ್ನು ಕರೆಸಿದ. ಅವನು ಕೊಡಲಿಯ ಹಿಂಬದಿಯಿಂದ ನಾಲ್ಕು ಕಡೆ ತಟ್ಟಿ, ಕಿವಿಯಿಟ್ಟು ಕೇಳಿದ.

"ದೊಡ್ಡಮ್ಮ, ಇದು ನಿಂತುಕೊಂಡೇ ಸತ್ತಿದೆ. ಎಲೆಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಅವನ ಮಾತು ಅರ್ಧ ಸರಿ. ಬೇರಿನಿಂದ ನೀರು ಮರದ ಒಳಗಿನಿಂದ ಮೇಲೆ ಹೋಗುತ್ತದೆ, ಅದು ನಿಂತಿರಲಿಲ್ಲ. ಆದರೆ ಎಲೆ ಬೇಯಿಸಿದ ಊಟ ಬೇರಿಗೆ ಇಳಿಯುವುದು ಸಿಪ್ಪೆಯಿಂದ. ಆ ದಾರಿ ಕಡಿದಿತ್ತು. ಬೇರು ಇದ್ದ ಬುತ್ತಿಯನ್ನು ಉಂಡು ಮುಗಿಸುತ್ತಿತ್ತು. ಅದು ಮುಗಿದ ದಿನ ಮರವೂ ಮುಗಿದ ಹಾಗೆ. ಎರಡು ಬೆರಳಿನ ಪಟ್ಟಿಯಿಂದ ಅಷ್ಟು ದೊಡ್ಡ ಬೇರಿನ ಹೊಟ್ಟೆ ತುಂಬುವುದಿಲ್ಲ.

ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಅಡುಗೆ ಕೋಣೆಯ ಮೇಲೆ ಚಾಚಿದ್ದ ಎರಡು ಗೆಲ್ಲು ಕಡಿಸಿದೆ. ಭಾರ ಕಡಿಮೆಯಾಯಿತು, ಮಗನ ಹೆದರಿಕೆಯೂ ಅರ್ಧ ಇಳಿಯಿತು. ಕೆಳಗೆ ಬಿದ್ದ ಗೆಲ್ಲಿನ ಮೇಲೆ ಕೂತು ಮರದ ಬುಡ ನೋಡುತ್ತಿದ್ದೆ. ಬುಡದ ಪಕ್ಕದಲ್ಲಿ, ಕಲ್ಲಿನ ಸಂದಿಯಲ್ಲಿ, ಮೊಳಕಾಲೆತ್ತರದ ಒಂದು ಪಾಲೆ ಸಸಿ ತಾನಾಗಿ ಹುಟ್ಟಿತ್ತು. ಬಗ್ಗಿ ಅದರ ಬುಡದ ಮಣ್ಣು ಕೆದಕಿ ಬೇರು ನೋಡಿದೆ. ಹಳೇ ಬೇರಿಗೆ ಊಟ ಮುಟ್ಟಿಸಲು ಆಗದಿದ್ದರೆ ಬೇಡ. ಹೊಸ ಬೇರನ್ನೇ ತಂದು ಮರಕ್ಕೆ ಜೋಡಿಸಿದರೆ? ಮರದ ಸುತ್ತ ಎಳೆ ಸಸಿ ನೆಟ್ಟು, ಅವುಗಳ ತಲೆಯನ್ನು ಗಾಯದ ಮೇಲಿನ ಸಿಪ್ಪೆಯೊಳಗೆ ಕಸಿ ಮಾಡಿಬಿಟ್ಟರೆ ಸಸಿಯ ಬೇರೇ ಮರದ ಬೇರು. ಕಸಿಯೆಂದರೆ ನನ್ನ ಕೆಲಸ. ಬೆರಳು ದಪ್ಪದ ರಬ್ಬರ್ ಗಿಡಕ್ಕೆ ಮಾಡಿದ್ದನ್ನು ತಬ್ಬುವಷ್ಟು ದೊಡ್ಡ ಮರಕ್ಕೆ ಮಾಡುವುದು, ಅಷ್ಟೇ ವ್ಯತ್ಯಾಸ.

ಸೊಸೆಗೆ ಹೇಳಿದೆ. ಅವಳಿಗೆ ಕೂಡಲೇ ಅರ್ಥವಾಯಿತು. "ಅಂದರೆ ಮರಕ್ಕೆ ಹೊಸ ಕಾಲು ಇಡುವುದು. ಎದೆಯೆತ್ತರದ ಸಸಿ ಬೇಕಲ್ವಾ ಮಾಮಿ? ನಮ್ಮ ಹಾಸ್ಟೆಲಿನ ಹಿಂದೆ ಚರಂಡಿಯಲ್ಲಿ ಬೇಕಾದಷ್ಟು ಉಂಟು. ದಾರಿಯ ಬದಿಗೆ ಪಾಲೆಯನ್ನೇ ನೆಟ್ಟಿದ್ದಾರೆ, ಬೀಜ ಹಾರಿ ಎಲ್ಲಾ ಕಡೆ ಹುಟ್ಟಿದೆ. ಕಿತ್ತು ಬಿಸಾಡಿ ಬಿಸಾಡಿ ತೋಟದವನಿಗೆ ಬೇಜಾರು ಬಂದಿದೆ."

ಸಸಿ ಸಿಕ್ಕಿತು. ತರುವುದು ಹೇಗೆ? ಎಂಟು ಸಸಿ, ಒಂದೊಂದಕ್ಕೂ ಬುಟ್ಟಿಯಷ್ಟು ಮಣ್ಣಿನ ಗಡ್ಡೆ ಬಿಡಿಸದೆ ತರಬೇಕು. ಸರ್ವಿಸ್ ಬಸ್ಸಿನವರು ಹತ್ತಿಸುವುದಿಲ್ಲ. ಕೊನೆಗೆ ಆ ಸಸಿಗಳು ಬಂದದ್ದು ಮಗನ ಕಾಲೇಜು ಬಸ್ಸಿನಲ್ಲಿ. ಮಕ್ಕಳನ್ನು ಇಳಿಸಿ ಬರುವಾಗ, ಹಿಂದಿನ ಸೀಟುಗಳ ನಡುವೆ ಗೋಣಿ ಸುತ್ತಿದ ಎಂಟು ಸಸಿ. ಮುಖ ಊದಿಸಿಕೊಂಡು ಇಳಿಸಿದ. ಕಡಿಸಬೇಕು ಎಂದವನೇ ಹೊತ್ತು ತಂದದ್ದು ಎಂದು ಸೊಸೆ ಚುಚ್ಚಿದಳು. ಬಸ್ಸು ಗುಡಿಸುವವರು ಯಾರು ಎಂದು ಅವನು ಕೇಳಿದ. ನಾನೇ ಗುಡಿಸಿದೆ.

ಹಳೇ ಬೇರುಗಳ ಸಂದಿಯಲ್ಲಿ ಗುಂಡಿ ತೋಡಿ, ಸಸಿಗಳನ್ನು ಮರಕ್ಕೆ ಒರಗುವ ಹಾಗೆ ಓರೆಯಾಗಿ ನೆಟ್ಟೆ. ಅವು ಬೇರು ಬಿಡುವವರೆಗೆ ಕಸಿ ಮಾಡುವ ಹಾಗಿಲ್ಲ. ಮಳೆಯಿದ್ದ ಕಾರಣ ಬೇಗ ಹಿಡಿದವು. ಒಂದನ್ನು ಕರು ಮೇಯ್ದಿತು, ಎರಡು ಕೊಳೆತವು. ಐದು ಉಳಿದು ದೀಪಾವಳಿಯ ಹೊತ್ತಿಗೆ ಹೊಸ ಗೊಂಚಲು ಬಿಟ್ಟವು.

ಈಗ ಒಂದು ತೊಡಕು. ಹರಿತವಾದ ಕಬ್ಬಿಣದ ಕತ್ತಿ ಇಲ್ಲದೆ ಕಸಿ ಆಗುವುದಿಲ್ಲ, ಮೊಳೆಯೂ ಹೊಡೆಯಬೇಕು. ಪಾಲೆಗೆ ಕಬ್ಬಿಣ ತಾಗಿಸಬಾರದು. ಆ ದಿನ ಕದ್ದು ಕೆತ್ತಿದ್ದು, ಮೇಲಿನ ಗೆಲ್ಲು ಕಡಿಸಿದ್ದು ಬೇರೆ, ಈಗ ಹಗಲಲ್ಲಿ, ಊರೆಲ್ಲ ನೋಡುವಾಗ ಸಿಪ್ಪೆ ತೆಗೆಯುವ ಬೊಡ್ಡೆಯನ್ನೇ ಸೀಳಿ ಮೊಳೆ ಜಡಿಯುವುದು ಬೇರೆ. ಆಗಲೇ ಇಬ್ಬರು ಮೂವರು ಗುಸುಗುಸು ಮಾಡುತ್ತಿದ್ದರು. ಮರ ಬದುಕಿಯೂ ಅದರ ಕಷಾಯ ಯಾರೂ ಮುಟ್ಟದಿದ್ದರೆ ನಾನು ಬದುಕಿಸಿದ್ದು ಎಂತಕ್ಕೆ? ಮೇಲಿನ ಮನೆಗೆ ಹೋದೆ. ಅಣ್ಣ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಆಟಿಯ ನಂತರ ಅವರ ಮುಖ ನೋಡಲು ಹೋಗಿರಲಿಲ್ಲ ನಾನು.

"ಇಪ್ಪತ್ತೆಂಟು ವರ್ಷ ನಾನು ಬಾಯಿ ಮುಚ್ಚಿಕೊಂಡು ತೆಗೆದೆ, ಮರಕ್ಕೆ ಎಂತದೂ ಆಗಲಿಲ್ಲ. ನೀನು ಒಂದು ವಾರ ಟೀಚರ್ ಆದೆ," ಎಂದರು.

ಹೌದು ಎಂದೆ. ಆಮೇಲೆ ಕತ್ತಿ ಮತ್ತು ಮೊಳೆಯ ವಿಷಯ ಹೇಳಿದೆ. ಅವರು ಹೊದಿಕೆ ಸರಿಸಿ ಸೊಂಟದ ಹೊಲಿಗೆಯ ಗುರುತು ತೋರಿಸಿದರು.

"ಇದರ ಒಳಗೆ ಡಾಕ್ಟ್ರು ಒಂದು ಗೇಣು ಉದ್ದದ ರಾಡು ಇಟ್ಟು ಸ್ಕ್ರೂ ಹಾಕಿದ್ದಾರೆ. ಕಬ್ಬಿಣ ಬೇಡ ಎಂದು ನಾನು ಹೇಳಿದೆನಾ? ಹೋಗು ಮಾರಾಯ್ತಿ, ಸಿಪ್ಪೆ ಒಣಗುವ ಮೊದಲು ಕೆಲಸ ಮುಗಿಸು. ಕೇಳಿದವರಿಗೆ ನಾನು ಹೇಳಿದ್ದು ಎಂದು ಹೇಳು."

ಇಳಿಯುವಾಗ ಗುಡ್ಡದ ದಾರಿಯಲ್ಲಿ ನಾನು ಓಡಿದೆನೋ ಏನೋ, ಮಂಡಿ ಎರಡು ದಿನ ನೋಯುತ್ತಿತ್ತು.

ಕಸಿ ಮಾಡಿದ್ದು ಮರುದಿನ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ. ಸೊಸೆ ರಜೆ ಹಾಕಿದಳು. ಮೊದಲು ಗಾಯದಿಂದ ನಾಲ್ಕು ಬೆರಳು ಮೇಲೆ, ಸಸಿಯ ಅಗಲಕ್ಕೆ ಸರಿಯಾಗಿ, ಸಿಪ್ಪೆಯಲ್ಲಿ ಎರಡು ಉದ್ದ ಗೀರು, ಕೆಳಗೊಂದು ಅಡ್ಡ ಗೀರು ಹಾಕಿದೆ. ಪಾಲೆಗೂ ರಬ್ಬರಿನ ಹಾಗೆ ಹಾಲು ಉಂಟು. ಗೀರಿದ ಕೂಡಲೇ ಸುರಿಯುತ್ತದೆ. ಆ ಹಾಲು ಒಳಗೆ ಹೋದರೆ ಕಸಿ ಕೂಡುವುದಿಲ್ಲ. ಅದಕ್ಕೆ ಐದೂ ಕಡೆ ಗೀರಿ ಬಿಟ್ಟು, ಹಾಲು ಸುರಿದು ನಿಲ್ಲುವವರೆಗೆ ಕಾದು, ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಕಸಿ ಕತ್ತಿಯ ಹಿಂಬದಿಯ ಚಪ್ಪಟೆ ಮೂಳೆಯ ತುಂಡಿನಿಂದ ಸಿಪ್ಪೆ ಎಬ್ಬಿಸಿದೆ. ಜೀವ ಇಲ್ಲದ ಮರದ ಸಿಪ್ಪೆ ಏಳುವುದಿಲ್ಲ, ಒಡೆಯುತ್ತದೆ. ಮೊದಲನೆಯದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದಿತು. ಒಳಗೆ ಅದೇ ಮೀನಿನ ಹೊಳಪು.

"ಮಾಮಿ, ಜೀವ ಉಂಟು!" ಎಂದಳು ಸೊಸೆ.

ಮಾತಾಡದೆ ಸಸಿ ಬಗ್ಗಿಸು ಎಂದೆ. ಸಸಿಯ ತಲೆ ಕತ್ತರಿಸಿ, ತುದಿಯನ್ನು ಒಂದೇ ಎಳೆತಕ್ಕೆ ಎರಡಿಂಚು ಓರೆ ಕೆತ್ತಿದೆ. ಎರಡನೇ ಸಲ ಕತ್ತಿ ಆಡಿಸಿದರೆ ಮೈ ಉಬ್ಬುತಗ್ಗಾಗಿ ನಡುವೆ ಗಾಳಿ ಉಳಿಯುತ್ತದೆ. ಕೆತ್ತಿದ ಮುಖ ಮರದ ಕಡೆಗೆ, ತುದಿ ಸಿಪ್ಪೆಯ ಕೆಳಗೆ. ಸೊಸೆ ಬಗ್ಗಿಸಿ ಹಿಡಿದಳು, ನಾನು ತೂರಿಸಿ ಎರಡು ಸಣ್ಣ ಮೊಳೆ ಹೊಡೆದೆ. ಮೇಲೆ ಜೇನುಮೇಣ ಕರಗಿಸಿ ಹಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಮರದ ಸುತ್ತ ಬಿಗಿದು ಕಟ್ಟಿದೆ. ಸಸಿಯನ್ನು ಬಿಲ್ಲಿನ ಹಾಗೆ ಸ್ವಲ್ಪ ಬಾಗಿಸಿಯೇ ಇಟ್ಟೆ, ಗಾಳಿಗೆ ಮರ ಆಡಿದರೆ ಜೋಡಣೆ ಕಿತ್ತು ಬರಬಾರದಲ್ಲ. ಐದು ಮುಗಿಯುವಾಗ ಗಾರೆಯವನೂ ಸೇರಿ ಆರೇಳು ಜನ ಬೇಲಿಯ ಹತ್ತಿರ ನಿಂತಿದ್ದರು. ಅವನಿಗೆ ಹತ್ತಿರ ಬರಬೇಡ ಎಂದು ಮೊದಲೇ ಹೇಳಿದ್ದೆ.

ಆಮೇಲೆ ಕಾಯುವುದು. ಕಸಿಯ ಕೆಲಸದಲ್ಲಿ ಕಷ್ಟದ್ದು ಅದೇ. ಕುಳಿತಲ್ಲಿ ಕೂರಲು ಆಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಹೋಗಿ ಮೇಣ ಒಡೆದಿದೆಯಾ, ಇರುವೆ ಬಂದಿದೆಯಾ ಎಂದು ನೋಡುವುದು. ಮೂರನೇ ವಾರ ಎರಡು ಸಸಿ ಸುಕ್ಕಾದವು, ಎಳೆದರೆ ಬಂದವು. ಮೂರು ನಿಂತವು.

ಅಷ್ಟರಲ್ಲಿ ಮರ ಹೂ ಬಿಟ್ಟಿತು. ಎಂಥ ಹೂ! ಉಳಿದ ಗೆಲ್ಲುಗಳೆಲ್ಲ ಹಸಿರುಬಿಳಿ ಗೊಂಚಲು, ವಾಸನೆ ರಸ್ತೆಯವರೆಗೆ. ನೋಡಿದವರೆಲ್ಲ ಮರ ಗುಣವಾಯಿತು ಎಂದರು, ಮಗನೂ ನಂಬಿದ. ನಾನು ಮಾತ್ರ ನಂಬಲಿಲ್ಲ. ಸಾಯುವ ಹಲಸು ಕೊನೆಯ ವರ್ಷ ಬುಡದಿಂದ ತುದಿಯವರೆಗೆ ಕಾಯಿ ಹಿಡಿಯುವುದನ್ನು ನಾನು ನೋಡಿದ್ದೇನೆ. ಇದ್ದದ್ದನ್ನೆಲ್ಲ ಖಾಲಿ ಮಾಡಿ ಹೋಗುವ ಲಕ್ಷಣ ಅದು. ಕೈಗೆ ಎಟುಕಿದ ಹೂಗೊಂಚಲನ್ನೆಲ್ಲ ದೋಟಿಯಿಂದ ಕಿತ್ತು ಹಾಕಿದೆ, ಬೀಜಕ್ಕೆ ಹೋಗುವ ಕಸುವು ಗಾಯಕ್ಕೆ ಹೋಗಲಿ ಎಂದು. ಮಗ ನನಗೆ ಮರುಳು ಎಂದ.

ಆಮೇಲೆ ಬೇಸಿಗೆ. ಪಾತ್ರೆ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು, ಎಲ್ಲಾ ಆ ಮೂರು ಸಸಿಗೆ. ಬುಡಕ್ಕೆ ಅಡಿಕೆ ಸಿಪ್ಪೆಯ ಮುಚ್ಚಿಗೆ. ಶಿವರಾತ್ರಿಯ ಹೊತ್ತಿಗೆ ಹೆಬ್ಬೆರಳು ದಪ್ಪ ಇದ್ದ ಸಸಿಗಳು ಒನಕೆಯ ಹಿಡಿಯಷ್ಟಾದವು. ಕಸಿಯ ಜಾಗದಲ್ಲಿ ಮರದ ಸಿಪ್ಪೆ ಮೊಳೆಯನ್ನು ನುಂಗಿತ್ತು. ಸೈಕಲ್ ಟ್ಯೂಬು ಮೈಗೆ ಕಚ್ಚಿತ್ತು, ಬಿಡಿಸಿದೆ. ಎಳೆದು ನೋಡಿದೆ, ನೇತಾಡಿ ನೋಡಿದೆ, ಅಲುಗಲಿಲ್ಲ.

ಎರಡು ಬೆರಳಿನ ಪಟ್ಟಿಯ ಮೇಲೆ ಮಾತ್ರ ನನಗೆ ಅನುಮಾನ. ಅದು ಮೇಲಿನಿಂದ ಇಳಿದು ಕೆಳಗಿನ ಸಿಪ್ಪೆಯನ್ನು ಮುಟ್ಟಿದ ಹಾಗೆ ಕಾಣುತ್ತಿತ್ತು. ನಿಜವಾಗಿ ಕೂಡಿದೆಯಾ ಎಂದು ತಿಳಿಯಲು ಒಂದೇ ದಾರಿ, ಹಾಲು. ಮೇಲಿನ ಊಟ ಇಳಿದರೆ ಮಾತ್ರ ಕೆಳಗಿನ ಸಿಪ್ಪೆಯಲ್ಲಿ ಗಟ್ಟಿ ಹಾಲು ಬರುತ್ತದೆ. ತಿಂಗಳಿಗೊಮ್ಮೆ ಗಾಯದ ಕೆಳಗೆ, ಬೇರಿನ ಕಡೆಯ ಸಿಪ್ಪೆಗೆ ಗೋಣಿ ಸೂಜಿ ಚುಚ್ಚುತ್ತಿದ್ದೆ. ಜನವರಿಯಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಒಂದು ಹನಿ. ಮಾರ್ಚಿನಲ್ಲಿ ಅದೂ ಇಲ್ಲ. ಏಪ್ರಿಲಿನಲ್ಲಿ ಚುಚ್ಚಲು ನನಗೇ ಧೈರ್ಯ ಬರಲಿಲ್ಲ. ಹಳೇ ಎಲೆ ಉದುರಿ ಮರ ಬೋಳಾಗಿತ್ತು, ಹೊಸ ಚಿಗುರು ಕಾಣುತ್ತಿರಲಿಲ್ಲ.

ಪತ್ತನಾಜೆಯ ದಿನ ಮರ ಕಡಿಯುವವನು ಹಗ್ಗ ಹಿಡಿದು ಬಂದ. ಮಗ ಬಸ್ಸಿಗೆ ರಜೆ ಹಾಕಿ ನಿಂತಿದ್ದ. ಮೋಡ ಕಟ್ಟಿತ್ತು. ಮರ ಕಡಿಯುವವನು ಒಂದು ಸುತ್ತು ಬಂದು ಮೂರು ಸಸಿಗಳನ್ನು ಕೈಯಿಂದ ಮುಟ್ಟಿ, ಇದೆಂಥದು ದೊಡ್ಡಮ್ಮ, ಮರಕ್ಕೆ ಊರುಗೋಲಾ ಎಂದು ಕೇಳಿದ. ಮತ್ತೆ ತಲೆಯೆತ್ತಿ, ಬೋಳು ಗೆಲ್ಲುಗಳನ್ನು ನೋಡಿ, ಮಗನ ಮುಖ ನೋಡಿದ.

"ಚುಚ್ಚಿ ನೋಡಿ ಅಮ್ಮ," ಎಂದ ಮಗ. ಅವನಿಗೆ ಸೂಜಿಯ ವಿಷಯ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. "ಹಾಲು ಬಂದರೆ ಬಿಡುವ. ಬರದಿದ್ದರೆ ನೀವು ಮಾತಾಡಬಾರದು."

ಗೋಣಿ ಸೂಜಿ ತಂದೆ. ಪಟ್ಟಿಯ ನೇರಕ್ಕೆ, ಗಾಯದ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಚುಚ್ಚಿದೆ. ಸೂಜಿ ತೆಗೆದೆ. ಎಂತದೂ ಬರಲಿಲ್ಲ. ಸೊಸೆ ಬೇರೆ ಕಡೆ ನೋಡಿದಳು. ಮರ ಕಡಿಯುವವನು ಹಗ್ಗದ ಸುರುಳಿ ಹೆಗಲಿನಿಂದ ಇ‍ಳಿಸಿದ. ಆಗ ತೂತಿನ ಬಾಯಲ್ಲಿ ಸಾಸಿವೆಯಷ್ಟು ಬಿಳಿ ಕಂಡಿತು. ದಪ್ಪವಾಯಿತು, ತುಂಬಿಕೊಂಡಿತು, ಜಾರಿತು. ನೀರಲ್ಲ, ಎಮ್ಮೆ ಹಾಲಿನ ಹಾಗೆ ಗಟ್ಟಿ ಬಿಳಿ. ಸಿಪ್ಪೆಯ ಮೇಲೆ ಒಂದು ಗೆರೆ ಎಳೆದುಕೊಂಡು ಬೇರಿನವರೆಗೆ ಇಳಿಯಿತು. ಮರ ಕಡಿಯುವವನು ಅದನ್ನು ಎರಡು ಬೆರಳ ನಡುವೆ ಹಿಡಿದು ಎಳೆದು ನೋಡಿದ. ದಾರದ ಹಾಗೆ ಎಳೆ ಬಂತು.

"ಹಾಗಾದರೆ ಒಂದು ಚಾ ಕೊಡಿ," ಎಂದು ಹಗ್ಗದ ಮೇಲೆಯೇ ಕೂತ.

ಮಳೆ ಬಿದ್ದ ಹತ್ತನೇ ದಿನಕ್ಕೆ ಮರ ಚಿಗುರಿತು. ತುದಿಯ ಎರಡು ಗೆಲ್ಲು ಚಿಗುರಲಿಲ್ಲ, ಅವು ಸತ್ತವು. ಉಳಿದದ್ದು ಸಾಕು. ಹಳೇ ಬೇರು ಎಷ್ಟು ಉಳಿಯುತ್ತದೋ ಗೊತ್ತಿಲ್ಲ. ಉಳಿಯದಿದ್ದರೆ ಹೊಸ ಕಾಲು ಮೂರು ಉಂಟು.

ಇನ್ನು ಮೂರು ವಾರಕ್ಕೆ ಆಟಿ ಅಮಾವಾಸ್ಯೆ. ಮೇಲಿನ ಮನೆಯ ಅಣ್ಣ ಈಗ ಕೋಲು ಹಿಡಿದು ತಮ್ಮ ಅಂಗಳದವರೆಗೆ ಬರುತ್ತಾರೆ, ಗುಡ್ಡ ಇಳಿಯಲು ಆಗುವುದಿಲ್ಲ. ಬೊಡ್ಡೆಯಿಂದಲೇ ತೆಗೆಯಬೇಕೆಂದು ಎಲ್ಲಿಯೂ ಇಲ್ಲ, ಗೆಲ್ಲಿನ ಸಿಪ್ಪೆಯೂ ಪಾಲೆಯೇ ಎಂದು ಅವರು ಹೇಳಿ ಕಳಿಸಿದ್ದಾರೆ. ಹಿಂದಿನ ದಿನ ಒಂದು ಗೆಲ್ಲು ಇಳಿಸಿ ಅಂಗಳದಲ್ಲಿ ಹಾಕಿಸುತ್ತೇನೆ. ಬಂದವರು ಅದರಿಂದ ಕಲ್ಲಿನಲ್ಲಿ ಕುಟ್ಟಿಕೊಂಡು ಹೋಗಲಿ.

ಮಗನಿಗೆ ಹೇಳಿ ಮರಕ್ಕೆ ಎದುರಾಗಿ ಒಂದು ಬಲ್ಬು ಹಾಕಿಸಿದ್ದೇನೆ. ಆ ದಿನ ಬೆಳಗಿನ ಜಾವ ಅದನ್ನು ಉರಿಸಿ, ಬುಡದಲ್ಲಿ ಕುರ್ಚಿ ಹಾಕಿ ಕೂರುತ್ತೇನೆ. ದೀಪ ಹಿಡಿದು ಬರಬಾರದು ಎಂದು ಉಂಟು, ಅಲ್ಲೇ ಇರುವ ದೀಪದ ವಿಷಯ ಯಾರೂ ಹೇಳಿಲ್ಲ. ಮಾತಾಡಬಾರದು ಎಂಬುದು ಸಿಪ್ಪೆ ತೆಗೆಯಲು ಬಂದವರಿಗೆ. ನಾನು ಮಾತಾಡುತ್ತೇನೆ. ಈ ಸಲ ಹೇಳುವುದು ಒಂದೇ ಮಾತು, ಮರ ಮುಟ್ಟಬೇಡಿ.